ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದೆ, ಕಾರು ಮಾತ್ರ ಏಳುತ್ತಿಲ್ಲ

ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದವರು ಬಳ್ಳಾರಿಗೆ ವಾಪಸ್ ಬಂದಿದ್ದು ಎರಡು ತಿಂಗಳಾದ ಮೇಲೆ. ಮನೆ ಮುಂದಿನ ಎಲೆಕ್ಟ್ರಿಕ್ ಕಾರಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಕೆಂದೂಳು. ಓಣಿಯ ಹುಡುಗರು ಬರೆದೂ ಇದ್ದರು. ರಿಮೋಟ್ ಒತ್ತಿದೆ. ಬಾಗಿಲು ತೆರೆಯಲಿಲ್ಲ, ಒಂದು ಲೈಟೂ ಮಿಣುಕಲಿಲ್ಲ. ಹೋಗುವಾಗ 60% ಚಾರ್ಜ್ ಇತ್ತಲ್ಲ, ಎಲ್ಲಿ ಹೋಯ್ತು?

ಎಲ್ಲೂ ಹೋಗಿರಲಿಲ್ಲ. ಈ ಕಾರುಗಳಲ್ಲಿ ಎರಡು ಬ್ಯಾಟರಿ ಇರುತ್ತವೆ. ಗಾಲಿ ತಿರುಗಿಸುವುದು ದೊಡ್ಡದು. ಲಾಕು, ಪರದೆ, ಒಳಗಿನ ಕಂಪ್ಯೂಟರು ನಡೆಯುವುದು ಪೆಟ್ರೋಲ್ ಕಾರಿನಲ್ಲಿ ಇರುವಂಥದೇ 12 ವೋಲ್ಟ್‌ನ ಚಿಕ್ಕದರಿಂದ. ದೊಡ್ಡದನ್ನು ಮೋಟಾರಿಗೆ ಜೋಡಿಸುವ ರಿಲೇ ಎಂಬ ಸ್ವಿಚ್ಚು ಎಳೆಯಬೇಕಾದರೂ ಚಿಕ್ಕದೇ ಬೇಕು. ಅದು ಸತ್ತರೆ ಎಷ್ಟೋ ಕಾರು ಚಾರ್ಜರ್‌ಗೂ ಜಗ್ಗುವುದಿಲ್ಲ.

ಮೊದಲು ರಿಮೋಟ್‌ನೊಳಗೆ ಅಡಗಿರುವ ಕಬ್ಬಿಣದ ಕೀಲಿ ತೆಗೆದು ಬಾಗಿಲು ತೆರೆಯಿರಿ. ಬಾನೆಟ್ ಎತ್ತಿ ಚಿಕ್ಕ ಬ್ಯಾಟರಿ ಹುಡುಕಿ. ಕೆಲವು ಕಾರಲ್ಲಿ ಬೇರೆ ಕಡೆ ಇರುತ್ತದೆ, ಮ್ಯಾನುಯಲ್ ನೋಡಿ. ಕಿತ್ತಳೆ ಬಣ್ಣದ ವೈರುಗಳನ್ನು ಮಾತ್ರ ಮುಟ್ಟಲೇಬೇಡಿ. ಅವು ನೂರಾರು ವೋಲ್ಟಿನವು.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿ. ತುಂಬಿದ ಲೆಡ್ ಆ್ಯಸಿಡ್ ಬ್ಯಾಟರಿ 12.6ರ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ನನ್ನದು 9 ತೋರಿಸಿತು.

ಆಮೇಲೆ ಜಂಪ್ ಸ್ಟಾರ್ಟ್, ಅಂದರೆ ಚಾರ್ಜ್ ಇರುವ ಇನ್ನೊಂದು 12 ವೋಲ್ಟ್ ಬ್ಯಾಟರಿಯಿಂದ ಕೇಬಲ್ ಎಳೆದು ಕಾರು ಎಬ್ಬಿಸುವುದು. ಕೆಂಪು ಕ್ಲಿಪ್ಪು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಮೊದಲು ಒಳ್ಳೆಯದರ ಮೈನಸ್‌ಗೆ, ಕೊನೆಗೆ ನಿಮ್ಮ ಕಾರಿನ ಬಣ್ಣ ಬಳಿಯದ ಲೋಹದ ಭಾಗಕ್ಕೆ. ಈಗ ಕಾರು ಸ್ಟಾರ್ಟ್ ಮಾಡಿ, ಪರದೆಯಲ್ಲಿ ‘ರೆಡಿ’ ಬಂದರೆ ಗೆದ್ದಿರಿ. ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಕ್ಲಿಪ್ಪು ಬಿಚ್ಚಿ, ಒಂದು ಗಂಟೆ ಹಾಗೇ ರೆಡಿಯಲ್ಲಿ ಬಿಡಿ. ದೊಡ್ಡದೇ ಚಿಕ್ಕದಕ್ಕೆ ಉಣಿಸುತ್ತದೆ. ಮರುದಿನ ಮತ್ತೆ ಸತ್ತರೆ ಬಹುಶಃ ಚಿಕ್ಕ ಬ್ಯಾಟರಿ ಬದಲಿಸಬೇಕು. ನಮ್ಮೂರ ಬಿಸಿಲಿಗೆ ಅದರ ಆಯಸ್ಸೂ ಕಡಿಮೆ.

ಇನ್ನು ನನ್ನ ತಪ್ಪು. ಬೆಂಗಳೂರಿನಲ್ಲಿ ಕೂತು ದಿನಾ ನಾಲ್ಕೈದು ಸಲ ಮೊಬೈಲ್ ಆ್ಯಪ್‌ನಲ್ಲಿ ಕಾರು ನೋಡುತ್ತಿದ್ದೆ. ನೋಡಿದಾಗಲೆಲ್ಲ ಕಾರಿನ ಕಂಪ್ಯೂಟರು ಎಚ್ಚರಾಗಿ ಚಿಕ್ಕ ಬ್ಯಾಟರಿಯನ್ನು ಹೀರುತ್ತದೆ. ಮಗು ಮಲಗಿದೆಯಾ ಅಂತ ಎಬ್ಬಿಸಿ ಕೇಳಿದ ಹಾಗೆ! ಸ್ಮಾರ್ಟ್ ಕೀಯನ್ನೂ ಕಾರಿಗೆ ಹತ್ತಿರದ ಮೊಳೆಗೆ ತೂಗುಹಾಕಬೇಡಿ, ಕಾರಿಗೆ ನೆಮ್ಮದಿ ಸಿಗಲ್ಲ.

ಊರಿಗೆ ಹೋಗುವ ಮುಂಚೆ ದೊಡ್ಡ ಬ್ಯಾಟರಿ ಅರ್ಧದಷ್ಟಿರಲಿ. ಬೇಸಿಗೆಯಲ್ಲಿ 100% ತುಂಬಿಸಿ ನಿಲ್ಲಿಸುವುದು ಅದಕ್ಕೆ ಒಳ್ಳೆಯದಲ್ಲ, ಪೂರ್ತಿ ಇಳಿಸುವುದು ಇನ್ನೂ ಕೆಟ್ಟದ್ದು. ನೆರಳಿದ್ದರೆ ನೆರಳಲ್ಲಿ ನಿಲ್ಲಿಸಿ. ಟೈರಿಗೆ ಗಾಳಿ ತುಂಬಿಸಿ.

ಈಗ ಊರಿಗೆ ಹೊರಟರೆ ಪಕ್ಕದ ಮನೆಯವರ ಮಗನಿಗೆ ಕೀಲಿ ಕೊಡುತ್ತೇನೆ. ಧೂಳಲ್ಲಿ ಹೆಸರು ಬರೆದವನೇ, ಲೈಸೆನ್ಸ್ ಆಗಿದೆ. ವಾರಕ್ಕೊಮ್ಮೆ ಕೋಟೆ ಗುಡ್ಡದ ತನಕ ಹೋಗಿ ಬರುತ್ತಾನೆ. ಎಸಿ ಜೋರಾಗಿ ಹಾಕಿಕೊಳ್ಳುತ್ತಾನೆ ಅಂತ ಗೊತ್ತು. ಹಾಕಿಕೊಳ್ಳಲಿ.