ಆ್ಯಕ್ಸಿಡೆಂಟ್ ಆದರೆ ಮನೆಯವರು ಏನು ಮಾಡಬೇಕು? ಮೊದಲ ವಾರದ ಕಾಗದಪತ್ರದಿಂದ ಪರಿಹಾರದ ದುಡ್ಡಿನವರೆಗೆ

ನಮ್ಮ ಭಾವ ಪೇಂಟಿಂಗ್ ಕೆಲಸ ಮಾಡುತ್ತಾರೆ. ಕೆಲವು ವರ್ಷದ ಹಿಂದೆ ಒಂದು ಸಂಜೆ ಕೆಲಸ ಮುಗಿಸಿ ಬೈಕಲ್ಲಿ ಮನೆಗೆ ಬರುವಾಗ ಹಿಂದಿನಿಂದ ಗೂಡ್ಸ್ ಗಾಡಿಯೊಂದು ಗುದ್ದಿತು. ಬಲಗಾಲು ಎರಡು ಕಡೆ ಮುರಿಯಿತು. ಯಾರೋ ಪುಣ್ಯಾತ್ಮರು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಚೀಟಿ ಬರೆಯುವವರು "ಏನಾಯ್ತು" ಅಂತ ಕೇಳಿದ್ದಾರೆ, ಗುದ್ದಿದ್ದನ್ನು ನೋಡಿರದ ಆಟೋದವರು "ಗಾಡಿಯಿಂದ ಬಿದ್ರು ಸಾರ್" ಅಂದಿದ್ದಾರೆ. ಕೇಸ್ ಶೀಟಿನಲ್ಲಿ ಬೈಕ್ ಸ್ಕಿಡ್ ಆಗಿ ಬಿದ್ದದ್ದು ಅಂತ ದಾಖಲಾಯಿತು. ಆ ಒಂದೇ ಸಾಲು ಕೋರ್ಟಿನಲ್ಲಿ ನಮ್ಮನ್ನು ಎರಡು ವರ್ಷ ಅಲೆದಾಡಿಸಿತು. ವಿಮೆ ಕಂಪನಿಯ ವಕೀಲರು ಪ್ರತಿ ಸಲ ಅದೇ ಕಾಗದ ತೋರಿಸುತ್ತಿದ್ದರು. ಅವರೇ ಬಿದ್ದಿದ್ದಾರೆ, ಗೂಡ್ಸ್ ಗಾಡಿಯನ್ನು ಆಮೇಲೆ ಸೇರಿಸಿದ್ದಾರೆ ಅನ್ನೋದು ಅವರ ವಾದ.

ಆಗ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ಆದರೆ ಠಾಣೆ, ಆಸ್ಪತ್ರೆ, ಕೋರ್ಟು ಮೂರನ್ನೂ ಸುತ್ತಿದ್ದೇನೆ.

ಆಸ್ಪತ್ರೆಯಲ್ಲಿ

ಮೊದಲು ಜೀವ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಗಾಯಾಳುವನ್ನು ಸೇರಿಸಿದವರಿಗೆ ಪೊಲೀಸರ ಭಯ ಬೇಡ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ, ಹೆಸರು ವಿಳಾಸ ಕೊಡಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ.

ರೋಗಿಯನ್ನು ಒಳಗೆ ಕರೆದುಕೊಂಡ ಮೇಲೆ ಮನೆಯವರಲ್ಲಿ ಒಬ್ಬರು ಎರಡು ವಿಷಯ ವಿಚಾರಿಸಿ. ಒಂದು, ಇದನ್ನು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು) ಅಂತ ದಾಖಲು ಮಾಡಿದ್ದಾರಾ? ಎಂಎಲ್‌ಸಿ ಆದರೆ ಆಸ್ಪತ್ರೆಯಿಂದಲೇ ಠಾಣೆಗೆ ಸುದ್ದಿ ಹೋಗುತ್ತದೆ. ಇನ್ನೊಂದು, ಏನಾಯ್ತು ಅನ್ನೋ ಜಾಗದಲ್ಲಿ ಏನು ಬರೆದಿದ್ದಾರೆ? 'ಇಂಥ ಕಡೆ, ಇಷ್ಟು ಗಂಟೆಗೆ, ಇಂಥ ಗಾಡಿ ಗುದ್ದಿ' ಅಂತ ಇರಬೇಕು. ಗಾಡಿ ನಂಬರ್ ಗೊತ್ತಿದ್ದರೆ ಅದೂ ಇರಲಿ. ತಪ್ಪು ಬರೆದಿದ್ದರೆ ಅವತ್ತೇ ಡ್ಯೂಟಿ ಡಾಕ್ಟರಿಗೆ ಹೇಳಿ. ಮೊದಲು ಬರೆದದ್ದನ್ನು ಅವರು ಅಳಿಸುವುದಿಲ್ಲ, ಅಳಿಸಲೂಬಾರದು. ಆದರೆ ಪ್ರಜ್ಞೆ ಬಂದ ಮೇಲೆ ರೋಗಿಯೇ ಹೀಗೆ ಹೇಳಿದರು ಅಂತ ಕೆಳಗೆ ಇನ್ನೊಂದು ಸಾಲು ಬರೆಯಬಹುದು. ನಾವು ಅದನ್ನು ಕೇಳಲೇ ಇಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರ 2025ರ ಮೇನಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಅಪಘಾತವಾದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೀವು ಕೈಯಿಂದ ಕಟ್ಟಬೇಕಾಗಿಲ್ಲ. ಅಡ್ವಾನ್ಸ್ ಕಟ್ಟಿ ಅಂದಾಗ ಈ ಯೋಜನೆ ಇಲ್ಲಿ ಇದೆಯಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಮತ್ತೆ ಬಿಲ್ಲುಗಳು. ಮೆಡಿಕಲ್ ಶಾಪಿನಲ್ಲಿ ಕೊಡುವ ನುಣುಪು ಕಾಗದದ ಬಿಲ್ ಇರುತ್ತದಲ್ಲ, ಅದರ ಅಕ್ಷರ ಆರು ತಿಂಗಳಿಗೆಲ್ಲ ಮಾಸಿಹೋಗುತ್ತದೆ. ನಮ್ಮಕ್ಕ ಎಲ್ಲಾ ಬಿಲ್ಲನ್ನೂ ಒಂದು ಬಟ್ಟೆ ಅಂಗಡಿಯ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ವಕೀಲರ ಮುಂದೆ ತೆಗೆದಾಗ ಅರ್ಧಕ್ಕರ್ಧ ಖಾಲಿ ಬಿಳಿ ಚೀಟಿಗಳು. ತಂದ ದಿನವೇ ಜೆರಾಕ್ಸ್ ಮಾಡಿಸಿ, ಫೋಟೋ ತೆಗೆಯಿರಿ, ಒರಿಜಿನಲ್ಲಿಗೆ ಡಾಕ್ಟರ ಚೀಟಿ ಸೇರಿಸಿ ಪಿನ್ ಹಾಕಿ. ಎಕ್ಸ್‌ರೇ, ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ, ಆಂಬುಲೆನ್ಸ್ ರಸೀದಿ, ಫಿಸಿಯೋಥೆರಪಿ ಚೀಟಿ, ಒಂದನ್ನೂ ಎಸೆಯಬೇಡಿ.

ಠಾಣೆಯಲ್ಲಿ

ಕಂಪ್ಲೇಂಟ್ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ನಾವು ಆಪರೇಷನ್ ಮುಗಿಯಲಿ ಅಂತ ಆರು ದಿನ ಬಿಟ್ಟೆವು. ಮನೆಯವರ ಗೋಳು ಕೋರ್ಟಿಗೆ ಅರ್ಥವಾಗುವುದಿಲ್ಲ ಅಂತಲ್ಲ, ಆದರೆ ಆ ಆರು ದಿನಕ್ಕೆ ಲೆಕ್ಕ ಕೊಡುವುದು ಇನ್ನೊಂದು ತಲೆನೋವು. ಗಾಯಾಳುವೇ ಬರಬೇಕು ಅಂತಿಲ್ಲ, ಮನೆಯ ಯಾರು ಬೇಕಾದರೂ ಕೊಡಬಹುದು. ಬೇರೆ ಊರಲ್ಲಿ ಆಗಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಬಹುದು, ಅವರು ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುತ್ತಾರೆ. ಇದಕ್ಕೆ ಜೀರೋ ಎಫ್‌ಐಆರ್ ಅನ್ನುತ್ತಾರೆ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು, ಅದು ನಿಮ್ಮ ಹಕ್ಕು.

ಕಂಪ್ಲೇಂಟಿನಲ್ಲಿ ಇರಬೇಕಾದ್ದು ಇಷ್ಟೇ: ಜಾಗ, ಸಮಯ, ಗುದ್ದಿದ ಗಾಡಿಯ ನಂಬರ್ ಅಥವಾ ಬಣ್ಣ, ಅದು ಯಾವ ಕಡೆಯಿಂದ ಹೇಗೆ ಬಂತು, ನೋಡಿದವರು ಯಾರು, ಯಾವ ಆಸ್ಪತ್ರೆ. ತಡವಾಗಿದ್ದರೆ ಯಾಕೆ ಅಂತ ಒಂದು ಸಾಲು. ಕಂಡದ್ದನ್ನು ಮಾತ್ರ ಬರೆಯಿರಿ. ನಂಬರ್ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ. ಗುದ್ದಿದ ಗಾಡಿಗೆ ವಿಮೆ ಇಲ್ಲ, ನಮ್ಮ ಪರಿಚಯದವರ ಗಾಡಿ ತೋರಿಸೋಣ ಅಂತ ಹೇಳಿಕೊಡುವವರು ಬರುತ್ತಾರೆ. ಖಂಡಿತ ಒಪ್ಪಬೇಡಿ. ವಿಮೆ ಕಂಪನಿಗಳು ತನಿಖೆ ಮಾಡಿಸುತ್ತವೆ, ಸಿಕ್ಕಿಬಿದ್ದರೆ ಪರಿಹಾರ ಹೋಗುವುದರ ಜೊತೆಗೆ ನಿಮ್ಮ ಮೇಲೆಯೇ ಕ್ರಿಮಿನಲ್ ಕೇಸು ಬೀಳುತ್ತದೆ.

ಗುದ್ದಿದವರ ಕಡೆಯವರು ಆಸ್ಪತ್ರೆಗೆ ಬಂದು "ಇಪ್ಪತ್ತು ಸಾವಿರ ತಗೊಳ್ಳಿ, ಕೇಸು ಗೀಸು ಬೇಡ" ಅನ್ನಬಹುದು. ತರಚು ಗಾಯವಾದರೆ ಅದು ನಿಮ್ಮಿಷ್ಟ. ಮೂಳೆ ಮುರಿದಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಯಾವ ರಾಜಿ ಪತ್ರಕ್ಕೂ ಸಹಿ ಹಾಕಬೇಡಿ. ರಾಡ್ ಹಾಕಿದ ಕಾಲಿಗೆ ವರ್ಷದ ನಂತರ ಇನ್ನೊಂದು ಆಪರೇಷನ್ ಬೇಕಾಗಬಹುದು, ಅದರ ಖರ್ಚು ಇವತ್ತು ಯಾರಿಗೂ ಗೊತ್ತಿರುವುದಿಲ್ಲ. ಮತ್ತೆ ಗಾಡಿಗೆ ವಿಮೆ ಇದ್ದರೆ ದುಡ್ಡು ಕೊಡಬೇಕಾದ್ದು ವಿಮೆ ಕಂಪನಿ. ಡ್ರೈವರ್ ಬಡವ ಪಾಪ ಅಂತ ಸುಮ್ನೆ ಬಿಟ್ಟರೆ ಉಳಿತಾಯ ಆಗುವುದು ಕಂಪನಿಗೆ, ಅವನಿಗಲ್ಲ.

ಸಿಸಿಟಿವಿ ಮರೆಯಬೇಡಿ. ಅಂಗಡಿ, ಬಂಕ್‌ಗಳ ಕ್ಯಾಮೆರಾದಲ್ಲಿ ಹಳೆಯದು ಕೆಲವೇ ದಿನಕ್ಕೆ ಅಳಿಸಿಹೋಗುತ್ತದೆ. ಅವತ್ತೇ ಯಾರನ್ನಾದರೂ ಕಳಿಸಿ, ಪೊಲೀಸರಿಗೂ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಮಾತು. ಮೋಟಾರು ವಾಹನ ನಿರೀಕ್ಷಕರು ನೋಡುವ ಮೊದಲು ನಿಮ್ಮ ಬೈಕನ್ನು ರಿಪೇರಿಗೆ ಬಿಡಬೇಡಿ. ಅವರು ಕೊಡುವ ಐಎಂವಿ ರಿಪೋರ್ಟೇ ಕೊನೆಗೆ ನಮ್ಮನ್ನು ಉಳಿಸಿತು. ಭಾವನ ಬೈಕಿನ ಹಿಂದಿನ ನಂಬರ್ ಪ್ಲೇಟ್ ಒಳಕ್ಕೆ ಮಡಚಿಕೊಂಡಿತ್ತು, ಹಿಂದಿನ ಲೈಟ್ ಪುಡಿಯಾಗಿತ್ತು, ಮಡ್‌ಗಾರ್ಡಿನ ಮೇಲೆ ಬೇರೆ ಗಾಡಿಯ ನೀಲಿ ಪೇಂಟ್ ಗೀಚಿಕೊಂಡಿತ್ತು. ಸ್ಕಿಡ್ ಆಗಿ ಬಿದ್ದ ಬೈಕು ಹಿಂದಿನಿಂದ ಹಾಗೆ ಜಜ್ಜುವುದಿಲ್ಲ ಅಲ್ವಾ? ಕೇಸ್ ಶೀಟಿನ ಆ ಸಾಲಿಗೆ ನಮ್ಮ ಹತ್ತಿರ ಇದ್ದ ಉತ್ತರ ಅದೊಂದೇ.

ಆಮೇಲೆ ಠಾಣೆಯಿಂದ ಸೇರಬೇಕಾದ ಕಾಗದ: ಎಫ್‌ಐಆರ್, ಸ್ಥಳ ಮಹಜರು ಮತ್ತು ನಕ್ಷೆ, ಐಎಂವಿ ರಿಪೋರ್ಟ್, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಡಾಕ್ಟರು ಕೊಡುವ ಪತ್ರ), ಚಾರ್ಜ್‌ಶೀಟ್. ಸಾವಾಗಿದ್ದರೆ ಶವದ ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ. ಪೋಸ್ಟ್‌ಮಾರ್ಟಂ ಬೇಡ ಅಂತ ಹಠ ಮಾಡುವ ಹಿರಿಯರು ಎಲ್ಲಾ ಮನೆಯಲ್ಲೂ ಇರುತ್ತಾರೆ. ನೋವು ಅರ್ಥವಾಗುತ್ತದೆ, ಆದರೆ ಆ ವರದಿ ಇಲ್ಲದಿದ್ದರೆ ಸಾವಿಗೆ ಅಪಘಾತವೇ ಕಾರಣ ಅಂತ ತೋರಿಸುವುದು ತುಂಬಾ ಕಷ್ಟ.

ಯಾರಿಂದ ಸಿಗುತ್ತದೆ

ಬೇರೆ ಗಾಡಿಯವರ ತಪ್ಪಾದರೆ ಆ ಗಾಡಿಯ ವಿಮೆ ಕಂಪನಿಯಿಂದ. ವಿಮೆ ಇಲ್ಲದಿದ್ದರೆ ಮಾಲೀಕರಿಂದ. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸಿಗುತ್ತದೆ. ಇದಕ್ಕೆ ಕೋರ್ಟು ಬೇಡ, ಅರ್ಜಿ ಕೊಡಬೇಕಾದ್ದು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಎಷ್ಟೋ ಮನೆಯವರು ಗಾಡಿ ಸಿಗಲಿಲ್ಲ, ಮುಗೀತು ಅಂತ ಕೈಚೆಲ್ಲುತ್ತಾರೆ.

ತಮ್ಮದೇ ತಪ್ಪಿನಿಂದ ಬಿದ್ದು ಸತ್ತರೆ? ಏನೂ ಸಿಗಲ್ಲ ಅಂದುಕೊಳ್ಳುತ್ತಾರೆ. ಗಾಡಿ ಅವರ ಹೆಸರಿನಲ್ಲೇ ಇದ್ದು, ಅವರೇ ಓಡಿಸುತ್ತಿದ್ದು, ಲೈಸೆನ್ಸ್ ಇದ್ದರೆ ಪಾಲಿಸಿ ತೆಗೆದು ನೋಡಿ. ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಅಂತ ಒಂದು ಸಾಲು ಇರುತ್ತದೆ, 15 ಲಕ್ಷ ರೂಪಾಯಿಯದು. ಅದರ ಪ್ರೀಮಿಯಂ ಕಟ್ಟಿದ್ದರೆ ನಾಮಿನಿಗೆ ಆ ದುಡ್ಡು ಬರಬೇಕು. ದಯವಿಟ್ಟು ಈಗಲೇ ಮನೆಯ ಗಾಡಿಯ ಪಾಲಿಸಿ ತೆಗೆದು ಈ ಸಾಲು ಇದೆಯಾ, ನಾಮಿನಿ ಹೆಸರು ಬರೆದಿದೆಯಾ ನೋಡಿ. ಹಿಂದೆ ಕೂತವರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಸಾಲದೇ ಹೋಗಬಹುದು, ಫುಲ್ ಇನ್ಶೂರೆನ್ಸ್ ಇದ್ದರೆ ಅವರಿಗೂ ರಕ್ಷಣೆ ಇರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರು ಇದನ್ನು ಯೋಚಿಸಬೇಕು.

ಕೋರ್ಟಿನಲ್ಲಿ

ಪರಿಹಾರದ ಕೇಸನ್ನು ನಮ್ಮಲ್ಲಿ ಎಂವಿಸಿ ಕೇಸು ಅನ್ನುತ್ತಾರೆ. ಬೆಂಗಳೂರಿನಲ್ಲಿ ಇದು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತದೆ. ಅಪಘಾತ ಆದ ಊರಿನಲ್ಲೇ ಹಾಕಬೇಕು ಅಂತಿಲ್ಲ, ನೀವು ವಾಸವಿರುವ ಊರಿನಲ್ಲೂ ಹಾಕಬಹುದು. ಅಂದರೆ ಮಗ ಹೈದರಾಬಾದಿನಲ್ಲಿ ತೀರಿಕೊಂಡರೂ ಹಾಸನದಲ್ಲಿರುವ ತಂದೆ ತಾಯಿ ಹಾಸನದಲ್ಲೇ ಹಾಕಬಹುದು.

2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಗಡುವಿನ ಬಗ್ಗೆ ಕೋರ್ಟುಗಳಲ್ಲಿ ತಕರಾರು ನಡೆದಿದೆ. ಅದನ್ನು ನೆಚ್ಚಿಕೊಂಡು ಕೂರಬೇಡಿ, ಹಾಗೆಯೇ ಆರು ತಿಂಗಳು ದಾಟಿದೆ ಅಂತ ಆಸೆಯನ್ನೂ ಬಿಡಬೇಡಿ. ವಕೀಲರನ್ನು ಕೇಳಿ.

ಎಷ್ಟು ಸಿಗಬಹುದು? ಇದಕ್ಕೆ ಒಂದು ಲೆಕ್ಕ ಇದೆ, ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹೇಳಿದ್ದು. 35 ವರ್ಷದ, ಸ್ವಂತ ಕೆಲಸ ಮಾಡುತ್ತಿದ್ದ ಒಬ್ಬರು ತಿಂಗಳಿಗೆ 18,000 ದುಡಿಯುತ್ತಿದ್ದರು, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವರನ್ನೇ ನಂಬಿದ್ದರು ಅಂದುಕೊಳ್ಳಿ. ಮುಂದೆ ಸಂಪಾದನೆ ಹೆಚ್ಚುತ್ತಿತ್ತು ಅಂತ ಶೇ. 40 ಸೇರಿಸಿದರೆ 25,200. ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 18,900. ವರ್ಷಕ್ಕೆ 2,26,800. 31ರಿಂದ 35 ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ, 16. ಒಟ್ಟು 36,28,800. ಇದರ ಮೇಲೆ ಅಂತ್ಯಕ್ರಿಯೆಯ ಖರ್ಚು, ಮನೆಯವರು ಅವರ ಆಸರೆ ಕಳೆದುಕೊಂಡದ್ದಕ್ಕೆ ಒಂದಿಷ್ಟು, ಜೊತೆಗೆ ಬಡ್ಡಿ. ಬೈಕ್ ಅಪಘಾತದ ಸಾವಿಗೆ ಎರಡು ಲಕ್ಷ ಕೊಡಿಸ್ತೀನಿ ಅಂತ ಮಧ್ಯವರ್ತಿ ಬಂದರೆ ಈ ಲೆಕ್ಕ ಹಾಕಿ ನೋಡಿ.

ಗಾಯದ ಕೇಸಿನಲ್ಲಿ ಲೆಕ್ಕ ಬೇರೆ. ಕಾಲಿಗೆ ಶೇ. 30 ಊನ ಅಂತ ಡಾಕ್ಟರು ಹೇಳಿದರೆ ದುಡಿಮೆಯೂ ಅಷ್ಟೇ ಕಡಿಮೆಯಾಯಿತು ಅಂತಲ್ಲ. ಆ ಊನದಿಂದ ಇವರ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅಂತ ಕೋರ್ಟು ನೋಡುತ್ತದೆ. ಕೂತು ಲೆಕ್ಕ ಬರೆಯುವವರಿಗೆ ಕುಂಟುವ ಕಾಲು ಒಂದು ತರ, ಏಣಿ ಹತ್ತಬೇಕಾದ ಪೇಂಟರಿಗೆ ಇನ್ನೊಂದು ತರ. ಹಾಗಾಗಿ ಭಾವನ ಕೆಲಸ ಏನು ಅಂತ ತೋರಿಸಲು ಅವರಿಗೆ ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರೇ ಬಂದು ಸಾಕ್ಷಿ ಹೇಳಿದರು. ಪೇ ಸ್ಲಿಪ್ ಇಲ್ಲದವರು ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಲೆಕ್ಕ, ಕಾರ್ಮಿಕ ಕಾರ್ಡು, ಸಾಲದ ಕಂತು ಕಟ್ಟಿದ ದಾಖಲೆ ಹೊಂದಿಸಿ. ಏನೂ ಇಲ್ಲದಿದ್ದರೆ ಕೋರ್ಟೇ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಮನೆಯಲ್ಲೇ ಇರುವ ಹೆಂಗಸರ ದುಡಿಮೆಗೂ ಬೆಲೆ ಕಟ್ಟುತ್ತಾರೆ. ಅವಳು ಕೆಲಸಕ್ಕೆ ಹೋಗ್ತಿರ್ಲಿಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಸಾವಿನ ಕೇಸಿನಲ್ಲಿ ಹೆಂಡತಿ ಒಂದು ಅರ್ಜಿ, ಅತ್ತೆ ಮಾವ ಇನ್ನೊಂದು ಅರ್ಜಿ ಹಾಕಿ ಜಗಳ ಆಡುವುದನ್ನು ಕೋರ್ಟಿನ ಮೊಗಸಾಲೆಯಲ್ಲಿ ತುಂಬಾ ನೋಡಿದೆ. ಎಲ್ಲರೂ ಸೇರಿ ಒಂದೇ ಅರ್ಜಿ ಹಾಕಿ. ಯಾರಿಗೆ ಎಷ್ಟು ಅಂತ ಜಡ್ಜೇ ಹಂಚುತ್ತಾರೆ. ಚಿಕ್ಕ ಮಕ್ಕಳ ಪಾಲನ್ನು 18 ತುಂಬುವವರೆಗೆ ಬ್ಯಾಂಕಿನಲ್ಲಿ ಡಿಪಾಸಿಟ್ ಇಡಿಸುತ್ತಾರೆ.

ವಕೀಲರನ್ನು ನೀವೇ ಹುಡುಕಿ, ಆಸ್ಪತ್ರೆ ಬಾಗಿಲಲ್ಲಿ ಕಾರ್ಡು ಕೊಟ್ಟವರನ್ನಲ್ಲ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸು ಮಾತಾಡುವುದಕ್ಕೆ ವಕೀಲರ ಪರಿಷತ್ತಿನ ನಿಯಮದಲ್ಲಿ ಅವಕಾಶವಿಲ್ಲ. ಖಾಲಿ ಕಾಗದ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಫೀಸು ಕೊಡಲು ಆಗದಿದ್ದರೆ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಪುಕ್ಕಟೆ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ ಅಂತಲೂ ಹೇಳುತ್ತಾರೆ. ಅದು ಕೆಟ್ಟದ್ದಲ್ಲ, ದುಡ್ಡು ಬೇಗ ಬರುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಮೇಲೆ ಹೇಳಿದ ಲೆಕ್ಕವನ್ನು ಮನೆಯಲ್ಲೇ ಹಾಕಿಕೊಂಡು, ಇದಕ್ಕಿಂತ ಕಡಿಮೆ ಬೇಡ ಅನ್ನೋ ಒಂದು ಮೊತ್ತ ಬರೆದುಕೊಂಡು ಹೋಗಿ. ಕೋರ್ಟಿನ ತೀರ್ಪಿನಲ್ಲಿ ಕಡಿಮೆ ಬಂತು ಅನಿಸಿದರೆ ಹೈಕೋರ್ಟಿಗೆ ಹೋಗಲು 90 ದಿನ ಇರುತ್ತದೆ. ಭಾವನ ಕೇಸಿನಲ್ಲಿ ನಾವು ಹೋಗಲಿಲ್ಲ. ರಾಡ್ ತೆಗೆಸುವ ಆಪರೇಷನ್ನಿನ ಅಂದಾಜು ಖರ್ಚನ್ನು ಡಾಕ್ಟರಿಂದ ಬರೆಸಿಕೊಂಡು ಮೊದಲೇ ಸಲ್ಲಿಸಿದ್ದೆವು, ಅದನ್ನೂ ತೀರ್ಪಿನಲ್ಲಿ ಸೇರಿಸಿದ್ದರು.