ಬಲಗಡೆ ಸ್ವಿಚ್ ಎಡಕ್ಕೆ: ಡಬಲ್ ಕ್ಲಿಕ್ ಮೌಸ್ ರಿಪೇರಿಯ ನನ್ನ ಅನುಭವ

"ಮುನ್ನೂರು ರೂಪಾಯಿ ಮೌಸ್‌ಗೆ ಯಾರು ಸೋಲ್ಡರಿಂಗ್ ಐರನ್ ಬಿಸಿ ಮಾಡ್ತಾರಣ್ಣ?" ಅಂತ ಪಕ್ಕದ ಮೊಬೈಲ್ ರಿಪೇರಿ ಹುಡುಗ ನಕ್ಕು ಈಗ ಎರಡು ವರ್ಷವಾಯಿತು. ಈಗ ತನ್ನ ಮೌಸ್ ಕೆಟ್ಟರೆ ಅವನು ನನ್ನ ಟೇಬಲ್ ಮೇಲೇ ತಂದಿಡುತ್ತಾನೆ. ದುಡ್ಡು ಮಾತ್ರ ಕೊಡಲ್ಲ, ಅದು ಬೇರೆ ವಿಷಯ.

ನನ್ನದು ಬಳ್ಳಾರಿಯಲ್ಲಿ ಸಣ್ಣ ಕಂಪ್ಯೂಟರ್ ಸರ್ವಿಸ್ ಅಂಗಡಿ. ಗಿರಾಕಿಗಳಲ್ಲಿ ಅರ್ಧ ಜನ ಜೀನ್ಸ್ ಯೂನಿಟ್‌ನವರು. ಬಿಲ್ ಹೊಡೆಯುವವರ ಮೌಸ್ ಅಷ್ಟು ಬೇಗ ಕೆಡಲ್ಲ. ಕೆಡುವುದು ಎಂಬ್ರಾಯ್ಡರಿ ಡಿಸೈನ್ ಮಾಡುವ ಹುಡುಗರದು. ಪ್ಯಾಂಟಿನ ಹಿಂದಿನ ಜೇಬಿಗೆ ಒಂದು ಹದ್ದಿನ ಚಿತ್ರ ಹಾಕಬೇಕಾದರೆ ಸಾವಿರಾರು ಕ್ಲಿಕ್ ಬೇಕು. ಅವರೆಲ್ಲ ಎರಡು ಸಾವಿರ, ಎರಡೂವರೆ ಸಾವಿರದ ಮೌಸ್ ಇಟ್ಟುಕೊಂಡಿರುತ್ತಾರೆ, ಎಂಟು ಹತ್ತು ತಿಂಗಳಿಗೆ ಎಡಗಡೆ ಬಟನ್ ಹುಚ್ಚು ಹಿಡಿದ ಹಾಗೆ ಆಡೋಕೆ ಶುರು ಮಾಡುತ್ತೆ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ. ಹಿಡಿದು ಎಳೆಯುತ್ತಿದ್ದ ಗೆರೆ ಮಧ್ಯದಲ್ಲೇ ಕೈಬಿಟ್ಟು ಹೋಗುತ್ತೆ. ಈ ಕಾಯಿಲೆ ನೀವೂ ನೋಡಿರುತ್ತೀರಿ.

ಪೋರ್ಟ್ ಬದಲಿಸುವುದು, ಬೇರೆ ಸಿಸ್ಟಮ್‌ಗೆ ಹಾಕಿ ನೋಡುವುದು, ಇದೆಲ್ಲ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಎರಡು ಕ್ಲಿಕ್ ನಡುವೆ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ತೋರಿಸುವ ಒಂದು ಸಣ್ಣ ಪೇಜ್ ಬರೆದುಕೊಂಡೆ, ಹದಿನೈದು ಸಾಲು ಜಾವಾಸ್ಕ್ರಿಪ್ಟ್ ಅಷ್ಟೇ. ನಾನು ಎಷ್ಟು ಬೇಗ ಒತ್ತಿದರೂ 110ಕ್ಕಿಂತ ಕೆಳಗೆ ಬರಲ್ಲ. ಕೆಟ್ಟ ಮೌಸ್‌ನಲ್ಲಿ 20, 35, 16 ಅಂತೆಲ್ಲ ಬರುತ್ತೆ. ಅದು ಬೆರಳಲ್ಲ, ಬಟನ್ ಕೆಳಗಿರುವ ಪುಟ್ಟ ಸ್ವಿಚ್ಚೇ ನಡುಗುತ್ತಿದೆ. ವಿಂಡೋಸ್‌ನಲ್ಲಿ ಮೊದಲಿಂದ ಇರುವ ಲೆಕ್ಕ 500 ಮಿಲಿಸೆಕೆಂಡ್, ಅಷ್ಟರೊಳಗೆ ಎರಡು ಬಂದರೆ ಡಬಲ್ ಕ್ಲಿಕ್. ಸೆಟ್ಟಿಂಗ್ಸ್‌ನಲ್ಲಿ ಆ ಸ್ಲೈಡರ್ ಕೊನೆವರೆಗೂ ತಳ್ಳಿ "ಸರಿ ಮಾಡಿದ್ದೀನಿ" ಅಂತ ಒಬ್ಬರನ್ನು ಕಳಿಸಿದ್ದೆ. ಸಂಜೆಯೇ ವಾಪಸ್ ಬಂದರು. ಸ್ಲೈಡರ್ ಎಲ್ಲಿದ್ದರೂ 20 ಮಿಲಿಸೆಕೆಂಡ್ ಅದರೊಳಗೇ ಬಂತಲ್ಲ. ನಾಚಿಕೆಯಾಯಿತು.

ಆಮೇಲೆ ಸ್ಪ್ರೇ. ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿ ಆಗ 280 ರೂಪಾಯಿ ಇತ್ತು ಅಂತ ನೆನಪು. ಸ್ವಿಚ್ಚಿನ ಗುಂಡಿ ಪಕ್ಕ ಹೊಡೆದು, ಐವತ್ತು ಸಲ ಒತ್ತಿ, ಒಣಗಿಸಿ ಕೊಡುವುದು. ಎಲ್ಲರೂ ಇದನ್ನೇ ಮಾಡುತ್ತಾರೆ. ಮೌಸ್ ಅಂಗಡಿಯಲ್ಲಿ ಇರುವವರೆಗೆ ಬಂಗಾರದ ಹಾಗೆ ಇರುತ್ತೆ. ಹನ್ನೊಂದು ಮೌಸ್‌ಗೆ ಹೊಡೆದೆ, ಹದಿನೈದು ಇಪ್ಪತ್ತು ದಿನದಲ್ಲಿ ಒಂಬತ್ತು ತಿರುಗಿ ಬಂದವು. ಒಂದಕ್ಕೆ ಡಬ್ಬಿ ಖಾಲಿಯಾಗಿತ್ತು ಅಂತ ಬಾಗಿಲ ಕೀಲಿಗೆ ಹೊಡೆಯುವ ಡಬ್ಲ್ಯೂಡಿ-40 ಹೊಡೆದೆ. ಅದರೊಳಗೆ ಜೀನ್ಸ್ ನಾರು ಅಂಟಿಕೊಂಡು ನೀಲಿ ಜಿಡ್ಡಾಗಿತ್ತು. ಆ ದುಡ್ಡು ವಾಪಸ್ ಕೊಟ್ಟೆ.

ಮೂರನೆಯದು ಸ್ವಿಚ್ ಬಿಚ್ಚಿ ಒಳಗಿನ ತಾಮ್ರದ ಎಲೆ ಬಗ್ಗಿಸುವುದು. ಇದು ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಒಂದಕ್ಕೆ ನಲವತ್ತು ನಿಮಿಷ. ಬ್ಲೇಡಿನಿಂದ ಮುಚ್ಚಳ ಎಬ್ಬಿಸುವಾಗ ಸಾಸಿವೆ ಕಾಳಿನಷ್ಟು ಗುಂಡಿ ಟಣ್ ಅಂತ ಹಾರುತ್ತೆ. ಒಂದು ಸಲ ಹಾಗೆ ಹಾರಿದ್ದನ್ನು ಅರ್ಧ ಗಂಟೆ ನೆಲದ ಮೇಲೆ ಮ್ಯಾಗ್ನೆಟ್ ಆಡಿಸಿ ಹುಡುಕಿದ್ದೇನೆ. ಗುಂಡಿ ಪ್ಲಾಸ್ಟಿಕ್ ಅಂತ ಆಮೇಲೆ ನೆನಪಾಯಿತು. ಎಲೆಯನ್ನು ಎಷ್ಟು ಬಗ್ಗಿಸಬೇಕು ಅನ್ನುವುದು ಕೈಗೆ ಬರೋಕೆ ಇಪ್ಪತ್ತು ಸ್ವಿಚ್ ಹಾಳಾದವು, ಅದನ್ನು ಇಲ್ಲಿ ಬರೆಯಲ್ಲ, ಬರೆದರೂ ಅರ್ಥವಾಗಲ್ಲ. ಚೆನ್ನಾಗಿ ಕೂತರೆ ಮೂರು ನಾಲ್ಕು ತಿಂಗಳು ಬರುತ್ತೆ, ಅಷ್ಟೇ.

ಹೊಸ ಸ್ವಿಚ್ ಹಾಕೋಣ ಅಂತ ಆನ್‌ಲೈನ್‌ನಲ್ಲಿ ಐವತ್ತು ತರಿಸಿದೆ, ಸುಮಾರು 450 ರೂಪಾಯಿ. ಮೇಲೆ ದೊಡ್ಡ ಕಂಪನಿ ಹೆಸರು ಅಚ್ಚಾಗಿತ್ತು. ಉಗುರಿನಿಂದ ಉಜ್ಜಿದರೆ ಅಚ್ಚು ಎದ್ದು ಬಂತು. ಆರು ಪೀಸ್ ಕವರಿನಿಂದ ತೆಗೆದಾಗಲೇ ಡಬಲ್ ಹೊಡೆಯುತ್ತಿದ್ದವು, ಉಳಿದವು ಎರಡು ತಿಂಗಳು ಬಾಳಿದವು. ಆಮೇಲೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡ್‌ಗೆ ಹೋದೆ. ಅಲ್ಲಿ ಒಳ್ಳೆಯ ಓಮ್ರಾನ್ ಕಂಪನಿ ಸ್ವಿಚ್ ಸಿಕ್ಕಿತು, ಒಂದು 45 ರೂಪಾಯಿ, ಚೌಕಾಸಿ ಮಾಡಿ 38ಕ್ಕೆ ಇಳಿಸಿದೆ. ಮಾಲು ಒಳ್ಳೆಯದೇ. ಆದರೆ ಟ್ರೈನು, ಊಟ, ಅಂಗಡಿ ಮುಚ್ಚಿದ ಒಂದು ದಿನ, ಎಲ್ಲ ಸೇರಿಸಿದರೆ ಒಂದು ಸ್ವಿಚ್ 80 ದಾಟಿತು. ಸಣ್ಣ ಮೌಸ್‌ಗೆ ಅದು ಗಿಟ್ಟಲ್ಲ.

ಇದರ ನಡುವೆ ದೊಡ್ಡ ಪೆಟ್ಟೂ ತಿಂದೆ. ಒಬ್ಬ ಡಿಸೈನರ್‌ದು 2,200 ರೂಪಾಯಿ ಮೌಸ್. ಸ್ವಿಚ್ ಕೀಳುವಾಗ ಬೋರ್ಡಿನ ಪ್ಯಾಡ್ (ಸ್ವಿಚ್ ಕಾಲು ಬೆಸೆದಿರುವ ತಾಮ್ರದ ಚುಕ್ಕೆ) ಎದ್ದು ಬಂತು, ಜೊತೆಗೆ ಅದರಿಂದ ಹೋಗುವ ತಾಮ್ರದ ಗೆರೆ, ಅಂದರೆ ಟ್ರ್ಯಾಕೂ ಬಂತು. ಕೂದಲಿನಷ್ಟು ತಂತಿ ಹಾಕಿ ಜಂಪರ್ ಕೊಟ್ಟೆ, ಎರಡು ದಿನ ನಡೆದು ನಿಂತಿತು. ಅಂಗಡಿ ರೇಟಿನಲ್ಲಿ 1,800 ಕೊಟ್ಟು ಹೊಸದು ತಂದುಕೊಟ್ಟೆ. ಮನೆಯಲ್ಲಿ ಹೇಳಬಾರದಿತ್ತು, ಹೇಳಿದೆ. "ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರೆ. ನೀವು ಬೆಟ್ಟ ಅಗೆದು, ಇಲಿಗೆ ದುಡ್ಡೂ ಕೊಟ್ಟು ಬಂದ್ರಲ್ರಿ" ಅಂದಳು ಹೆಂಡತಿ.

ದಾರಿ ಸಿಕ್ಕಿದ್ದು ಸ್ಟಾಕ್ ಮುಗಿದಿದ್ದ ಒಂದು ದಿನ. ನನ್ನದೇ ಮೌಸ್ ಕೆಟ್ಟಿತ್ತು. ಸುಮ್ನೆ ಅದರ ಬಲಗಡೆ ಸ್ವಿಚ್ ಕಿತ್ತು ಎಡಕ್ಕೆ ಹಾಕಿದೆ, ಎಡದ್ದನ್ನು ಬಲಕ್ಕೆ. ಹೊಸ ಮಾಲು ಬರುವವರೆಗೆ ನಡೆಯಲಿ ಅಂತ. ಮಾಲು ಬಂತು, ಈ ಮೌಸ್ ಕೆಡಲೇ ಇಲ್ಲ. ಹದಿನಾಲ್ಕು ತಿಂಗಳು ಓಡಿತು.

ಯೋಚಿಸಿದರೆ ಇದರಲ್ಲೇನು ಆಶ್ಚರ್ಯ ಇಲ್ಲ. ಒಬ್ಬ ಡಿಸೈನರ್ ಹುಡುಗನ ಸಿಸ್ಟಮ್‌ನಲ್ಲಿ ಕ್ಲಿಕ್ ಎಣಿಸುವ ಪ್ರೋಗ್ರಾಮ್ ಒಂದು ದಿನ ಇಟ್ಟೆ. ಎಡ ಏಳು ಸಾವಿರದ ಹತ್ತಿರ, ಬಲ ನಾನೂರೂ ದಾಟಿರಲಿಲ್ಲ. ಅಂದರೆ ಎಡ ಸತ್ತು ಗುಜರಿಗೆ ಹೋಗುವ ಮೌಸ್‌ನಲ್ಲಿ ಬಲಗಡೆ ಸ್ವಿಚ್ ಇನ್ನೂ ಮದುಮಗನ ಹಾಗೆ ಇರುತ್ತೆ! ಇನ್ನೊಂದು ಲೆಕ್ಕವೂ ಹಾಕಿ ನೋಡಿ. ದಿನಕ್ಕೆ ಏಳು ಸಾವಿರ, ತಿಂಗಳಿಗೆ ಇಪ್ಪತ್ತೈದು ದಿನ, ಹತ್ತು ತಿಂಗಳು. ಹದಿನೇಳೂವರೆ ಲಕ್ಷ ಆಗುತ್ತೆ. ಸ್ವಿಚ್‌ಗಳಿಗೆ ಒಂದು ಕೋಟಿ, ಎರಡು ಕೋಟಿ ಕ್ಲಿಕ್ ಅಂತ ಹೇಳುತ್ತಾರೆ. ಎಲೆ ಮುರಿಯುವ ಲೆಕ್ಕ ಅದು. ನಮ್ಮ ಕಡೆ ಎಲೆ ಮುರಿಯುವ ಮುಂಚೆಯೇ ಕಾಂಟ್ಯಾಕ್ಟ್, ಅಂದರೆ ಎಲೆ ತಾಗುವ ಜಾಗ, ಕಪ್ಪಾಗುತ್ತೆ. ಮೌಸ್‌ನಲ್ಲಿ ಹರಿಯುವ ಕರೆಂಟ್ ತುಂಬಾ ಕಡಿಮೆ, ಆ ಕಪ್ಪು ಪದರವನ್ನು ಸುಡುವಷ್ಟು ಶಕ್ತಿ ಅದಕ್ಕಿಲ್ಲ.

ಗುಜರಿ ಅಂಗಡಿಗೆ ಹೋಗಿ ಮೌಸ್ ಕೇಳಿದರೆ ಅವನು ನನ್ನ ಮುಖ ನೋಡಿದ. ಆಫೀಸುಗಳಿಂದ ಮೂಟೆಗಟ್ಟಲೆ ಬಂದಿದ್ದವು, ಕೆಜಿಗೆ 80 ರೂಪಾಯಿ ಅಂದ. ವೈರ್ ಸಮೇತ ಕೆಜಿಗೆ ಒಂಬತ್ತು ಹತ್ತು ಬರುತ್ತವೆ. ಅದರಲ್ಲಿ ಆರರಲ್ಲಿ ಒಳ್ಳೆಯ ಸ್ವಿಚ್ ಇರುತ್ತೆ, ಉಳಿದವು ಹೆಸರಿಲ್ಲದ ಮಾಲು. ಯಾವ ಮೌಸ್ ಒಳಗೆ ಒಳ್ಳೆಯದಿದೆ ಅಂತ ಬಿಚ್ಚದೆ ಹೇಗೆ ಗೊತ್ತಾಗುತ್ತೆ? ತಳಭಾಗ ನೋಡಿದರೆ ಗೊತ್ತಾಗುತ್ತೆ. ಇದಕ್ಕಿಂತ ಜಾಸ್ತಿ ಹೇಳಲ್ಲ, ಅಂಗಡಿಗೆ ಬಂದು ಒಗ್ಗರಣಿ ಮಿರ್ಚಿ ಕೊಡಿಸಿದರೆ ನೋಡೋಣ. ಒಂದು ಸಲ ಮಾತ್ರ ಮೋಸ ಹೋದೆ. ಒಂದೇ ಆಫೀಸಿನಿಂದ ಬಂದಿದ್ದವುಗಳಲ್ಲಿ ಒಂದರ ಬಲಗಡೆ ಸ್ವಿಚ್ ಪೂರ್ತಿ ಸವೆದಿತ್ತು, ಎಡ ಹೊಸದರ ಹಾಗೆ. ಎಡಚರು ಬಟನ್ ಅದಲು ಬದಲು ಮಾಡಿಕೊಂಡಿದ್ದರು ಅಂತ ಕಾಣುತ್ತೆ.

ಕೀಳುವ ಕೆಲಸಕ್ಕೆ 25 ವಾಟ್ ಐರನ್ ಸಾಕು. ಕಂಪನಿ ಹಾಕಿದ ಸೋಲ್ಡರ್‌ನಲ್ಲಿ ಸೀಸ ಇರಲ್ಲ, ಕರಗೋಕೆ ಜಾಸ್ತಿ ಬಿಸಿ ಬೇಕು, ನನ್ನ ಆ 2,200ರ ಬೋರ್ಡ್ ಹಾಳಾಗಿದ್ದೇ ಅದಕ್ಕೆ. ಈಗ ಮೊದಲು ಸ್ವಿಚ್ಚಿನ ಮೂರೂ ಕಾಲಿಗೆ ನಮ್ಮ ಮಾಮೂಲಿ 60/40 (ತವರ 60, ಸೀಸ 40) ಸೋಲ್ಡರ್ ಧಾರಾಳವಾಗಿ ಸುರಿಯುತ್ತೇನೆ. ಹಳೆಯದರ ಜೊತೆ ಬೆರೆತು ಬೇಗ ಕರಗುತ್ತೆ, ಮೂರೂ ಕಾಲು ಒಟ್ಟಿಗೆ ಸಡಿಲವಾಗುತ್ತವೆ. ಹೊಸದಕ್ಕೆ ಕಾಲಿಗೆ ಮೂರು ಸೆಕೆಂಡ್‌ಗಿಂತ ಜಾಸ್ತಿ ಐರನ್ ಇಡಬೇಡಿ, ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಗುಂಡಿ ಕಚ್ಚಿಕೊಳ್ಳುತ್ತೆ. ಗುಂಡಿ ಇರುವ ಕಡೆ ಮುಂದಕ್ಕೆ ಬರಬೇಕು. ನಾನು ಇದನ್ನು ನಾಲ್ಕು ಸಲ ಉಲ್ಟಾ ಹಾಕಿದ್ದೇನೆ, ನಾಲ್ಕನೆಯದು ಹೋದ ದೀಪಾವಳಿಗೆ. ಗುಜರಿಯಿಂದ ಬಂದ ಸ್ವಿಚ್ಚನ್ನು ಹಾಕುವ ಮುಂಚೆ ಒಂದು ರಾತ್ರಿ ಒಂದು ಕೆಲಸ ಮಾಡುತ್ತೇನೆ. ಅದೊಂದು ನನ್ನ ಹತ್ತಿರವೇ ಇರಲಿ.

ಸ್ವಿಚ್ ಬದಲಿಸಿದ ಮೇಲೂ ಬಟನ್ ಸತ್ತ ಹಾಗೆ ಅನಿಸಿದರೆ ಮೇಲಿನ ಮುಚ್ಚಳ ತಿರುಗಿಸಿ ನೋಡಿ. ಗುಂಡಿಯನ್ನು ಒತ್ತುವ ಪ್ಲಾಸ್ಟಿಕ್ ಮೊಳೆಯಲ್ಲಿ ಸಣ್ಣ ಗುಳಿ ಬಿದ್ದಿರುತ್ತೆ. ಒಂದು ಚೂರು ಟೇಪ್ ಅಂಟಿಸಿದರೆ ಮುಗಿಯಿತು. ಇದನ್ನು ಕಂಡುಹಿಡಿಯೋಕೆ ನನಗೆ ಆರು ತಿಂಗಳು ಬೇಕಾಯಿತು, ಅಲ್ಲಿಯವರೆಗೆ ಸುಮ್ನೆ ಒಳ್ಳೆಯ ಸ್ವಿಚ್ ಕಿತ್ತು ಬಿಸಾಡುತ್ತಿದ್ದೆ.

ಜೀನ್ಸ್ ಊರಲ್ಲಿ ಇದ್ದು ಜೀನ್ಸ್ ಪ್ಯಾಡ್ ಮಾಡದಿದ್ದರೆ ಹೇಗೆ ಅಂತ ಕಟಿಂಗ್ ಟೇಬಲ್ ಕೆಳಗೆ ಬಿದ್ದ ಚೂರುಗಳಿಂದ ಮೌಸ್ ಪ್ಯಾಡ್ ಮಾಡಿದೆ. ಮೌಸ್ ಅದರ ಮೇಲೆ ಬೆಣ್ಣೆಯ ಹಾಗೆ ಓಡಿತು, ನೇಯ್ಗೆಯ ಗೆರೆ ಸೆನ್ಸರ್‌ಗೆ ಚೆನ್ನಾಗಿ ಕಾಣುತ್ತೆ. ಆದರೆ ವಾರದಲ್ಲಿ ಲೆನ್ಸ್ ತೂತಿನಲ್ಲಿ ನೀಲಿ ನಾರು ತುಂಬಿ ಕರ್ಸರ್ ಕುಣಿಯೋಕೆ ಶುರುವಾಯಿತು. ವಾಶ್ ಆಗಿ ಬಂದ ಬಟ್ಟೆ ಹಾಕಿದೆ, ಪರವಾಗಿಲ್ಲ, ತಿಂಗಳಿಗೊಮ್ಮೆ ಊದಿದರೆ ಸಾಕು. ಹದಿನೈದು ಮಾಡಿ ಮೂವತ್ತು ರೂಪಾಯಿಯಂತೆ ಮಾರಿದೆ. ಆಮೇಲೆ ಬೇಜಾರಾಗಿ ಬಿಟ್ಟೆ.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ರಬ್ಬರ್ ಪೂಸಿದ ಮೌಸ್ ನಮ್ಮ ಮೇ ತಿಂಗಳ ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಬೆಲ್ಲದ ಹಾಗೆ ಅಂಟುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ ಆ ಪದರವನ್ನೇ ಪೂರ್ತಿ ತೆಗೆದುಬಿಡಿ, ಒಳಗೆ ಗಟ್ಟಿ ಪ್ಲಾಸ್ಟಿಕ್ ಇರುತ್ತೆ. ಟಾಲ್ಕಂ ಪೌಡರ್ ಹಾಕಿಯೂ ನೋಡಿದೆ, ಎರಡು ದಿನ ಘಮಘಮ ಅಂತಿತ್ತು, ಅಷ್ಟೇ.

ಮೌಸೇ ಅಲ್ಲದ ಒಂದು ಕೇಸ್ ಕೂಡ ಹೇಳಬೇಕು, ನನ್ನ ಜಂಬ ಇಳಿಸಿದ್ದು ಅದು. ಕೌಲ್ ಬಜಾರ್‌ನ ಒಬ್ಬರ ವೈರ್‌ಲೆಸ್ ಮೌಸ್ ಮಧ್ಯಾಹ್ನ ಮಾತ್ರ ತಡವರಿಸುತ್ತಿತ್ತು. ನಾಲ್ಕು ಸಲ ಬಿಚ್ಚಿದೆ, ಸೆಲ್ ಬದಲಿಸಿದೆ, ಏನೂ ಸಿಗಲಿಲ್ಲ. ಕೊನೆಗೆ ಅವರ ಜಾಗಕ್ಕೇ ಹೋಗಿ ಕೂತೆ. ಊಟದ ಹೊತ್ತಿಗೆ ಅವರ ತಮ್ಮ ಬ್ಯಾಕಪ್ ತೆಗೆಯೋಕೆ ನೀಲಿ ಪೋರ್ಟಿಗೆ, ಅಂದರೆ ಯುಎಸ್‌ಬಿ 3.0ಗೆ, ಹಾರ್ಡ್ ಡಿಸ್ಕ್ ಚುಚ್ಚಿದ, ಪಕ್ಕದಲ್ಲೇ ಮೌಸ್ ರಿಸೀವರ್. ಯುಎಸ್‌ಬಿ 3.0 ಓಡುವಾಗ ವೈರ್‌ಲೆಸ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ಗೆ ಗಲಾಟೆ ಮಾಡುತ್ತೆ ಅಂತ ಇಂಟೆಲ್‌ನವರೇ 2012ರಲ್ಲಿ ಬರೆದಿಟ್ಟಿದ್ದಾರೆ, ನಾನು ಓದಿಯೂ ಇದ್ದೆ, ಆದರೂ ಹೊಳೆಯಲಿಲ್ಲ. 60 ರೂಪಾಯಿಯ ಒಂದು ಮೀಟರ್ ಎಕ್ಸ್‌ಟೆನ್ಷನ್ ವೈರಿನಲ್ಲಿ ರಿಸೀವರನ್ನು ಟೇಬಲ್ ಮೇಲೆ ತಂದಿಟ್ಟೆ, ಮುಗಿಯಿತು. ನಾಲ್ಕು ಸಲ ಬಿಚ್ಚಿದ್ದಕ್ಕೆ ದುಡ್ಡು ಕೇಳೋಕೆ ಬಾಯಿ ಬರಲಿಲ್ಲ.

ಲೆಕ್ಕ ಕೇಳುವವರಿಗೆ: ಇಲ್ಲಿಯವರೆಗೆ ಗುಜರಿ ಸ್ವಿಚ್ ಹಾಕಿದ್ದು ಒಂದು 130 ಮೌಸ್ ಇರಬಹುದು. ತಿರುಗಿ ಬಂದಿದ್ದು ಏಳೋ ಎಂಟೋ, ಅದರಲ್ಲೂ ಎರಡು ನೀರು ಚೆಲ್ಲಿಕೊಂಡವು. ಸಣ್ಣ ಮೌಸ್‌ಗೆ ನೂರು, ದೊಡ್ಡದಕ್ಕೆ 250 ತಗೊಳ್ಳುತ್ತೇನೆ. ಖರ್ಚು ಕಳೆದು ಹದಿನಾರು ಹದಿನೇಳು ಸಾವಿರ ಉಳಿದಿದೆ. ಅದಕ್ಕೆ ಮುಂಚೆ ಕಲಿಯೋಕೆ ಕಳೆದಿದ್ದು ಐದು ಸಾವಿರ ಇರಬೇಕು, ಅದನ್ನು ಹೆಂಡತಿ ಇನ್ನೂ ಎಣಿಸುತ್ತಾಳೆ. ಶ್ರೀಮಂತನಾಗುವ ದುಡ್ಡಲ್ಲ, ಆದರೆ ಮೌಸ್ ಬಿಡೋಕೆ ಬಂದ ಗಿರಾಕಿ ಕೈಯಲ್ಲಿ ಲ್ಯಾಪ್‌ಟಾಪೂ ಇರುತ್ತೆ.

ಹೋದ ವಾರ ಗುಜರಿಗೆ ಹೋಗಿದ್ದೆ. ಮೌಸ್ ಎಲ್ಲ ಬೇರೆ ಮೂಟೆ ಮಾಡಿ ಒಳಗಿಟ್ಟಿದ್ದಾನೆ. "ಅಣ್ಣ, ಈಗ ಕೆಜಿ ಲೆಕ್ಕ ಇಲ್ಲ, ಪೀಸ್ ಲೆಕ್ಕ. ಒಂದಕ್ಕೆ ಇಪ್ಪತ್ತು" ಅಂದ. ಯಾಕಪ್ಪಾ ಅಂದರೆ, "ನಿಮ್ಮ ಪಕ್ಕದ ಮೊಬೈಲ್ ಹುಡುಗ ಮೊನ್ನೆ ಬಂದು ಐದು ಕೆಜಿ ತಗೊಂಡು ಹೋದ" ಅಂದ.