ಏಳುನೂರರ ಬೆಲ್ಟಿಗೆ ಹನ್ನೊಂದು ಕತ್ತಿ

“ಏಳುನೂರು ಕೊಟ್ಟು ಒಂದು ಬೆಲ್ಟ್ ತರುತ್ತೀಯಾ? ಆ ದುಡ್ಡಿಗೆ ನೂರೈವತ್ತರದ್ದು ನಾಲ್ಕು ಬರುತ್ತವಲ್ಲೋ” ಎಂದಿದ್ದರು ಚಿಕ್ಕಪ್ಪ, ಕತ್ತಿ ಉಜ್ಜುವ ಯಂತ್ರಕ್ಕೆ ಹಾಕುವ ಉಪ್ಪುಕಾಗದದಂಥ ಬೆಲ್ಟಿನ ಬಗ್ಗೆ. ನಲವತ್ತು ವರ್ಷ ಕುಲುಮೆ ಊದಿಸಿದವರು. ಆಗ ಅವರ ಮಾತೇ ನಿಜವಾಯಿತು. ನಾನು ತರಿಸಿದ 36 ಗ್ರಿಟ್‌ನ (ಕಣದ ಅಳತೆ; ಅಂಕಿ ಏರಿದಷ್ಟು ನಯ) ನಾಲ್ಕು ಸಿರಾಮಿಕ್ ಬೆಲ್ಟುಗಳೂ ತಲಾ ಎರಡು ಕತ್ತಿಗೇ ಮುಗಿದವು. ಕಿಡಿ ಹಾರುವುದು ನಿಂತು ಬೆಲ್ಟಿನ ಮೈ ಗಾಜಿನಂತೆ ಹೊಳೆಯುತ್ತಿತ್ತು. ಕಬ್ಬಿಣ ತೆಗೆಯುತ್ತಿರಲಿಲ್ಲ, ಬರೀ ಕಾಯಿಸುತ್ತಿತ್ತು. 2,800 ರೂಪಾಯಿ ಹೋಯಿತು. ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ.

ತಪ್ಪು ಬೆಲ್ಟಿನದ್ದಲ್ಲ, ನನ್ನ ಕೈಯದ್ದು. ದುಬಾರಿ ಮಾಲು ಬೇಗ ಸವೆಯಬಾರದೆಂದು ಕತ್ತಿಯನ್ನು ಮೆಲ್ಲಗೆ ತಾಗಿಸುತ್ತಿದ್ದೆ. ಸಿರಾಮಿಕ್ ಕಣ ಒತ್ತಡಕ್ಕೆ ಒಡೆದರೆ ಮಾತ್ರ ಒಳಗಿನ ಹೊಸ ಮೊನೆ ಹೊರಬರುತ್ತದೆ. ಒಡೆಯದಿದ್ದರೆ ಮೊಂಡಾಗಿ ಕೂರುತ್ತದೆ. ಜೊತೆಗೆ ನನ್ನದು ನಿಮಿಷಕ್ಕೆ 1,440 ಸುತ್ತಿನ ಮೋಟಾರು, ನಾಲ್ಕಿಂಚಿನ ಗಾಲಿ. ಬೆಲ್ಟ್ ಸೆಕೆಂಡಿಗೆ ಎಂಟು ಮೀಟರೂ ಓಡುತ್ತಿರಲಿಲ್ಲ. ಹಳೆಯದೊಂದು ಎರಡು ಎಚ್‌ಪಿ, 2,880 ಸುತ್ತಿನ ಮೋಟಾರನ್ನು ಏಳು ಸಾವಿರ ಚಿಲ್ಲರೆಗೆ ಕೊಂಡೆ. ವೇಗ ಹದಿನೈದು ಮೀಟರಿಗೆ ಏರಿತು. ಕತ್ತಿಯ ಬೆನ್ನಿಗೆ ಮರದ ತುಂಡು ಕೊಟ್ಟು, ಮೈಭಾರ ಹಾಕಿ ಒತ್ತಿದೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಹನ್ನೊಂದು ಕತ್ತಿಗಳ ಒರಟು ಕೆಲಸ ಒಂದೇ ಬೆಲ್ಟಿನಲ್ಲಿ ಮುಗಿಯಿತು. ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಕತ್ತಿ ಈಗ ಕಾಲು ಗಂಟೆಯ ಕೆಲಸ.

ನೂರೈವತ್ತರ ಸಾದಾ ಬೆಲ್ಟ್ ಒಂದೂವರೆ ಕತ್ತಿಗೆ ಬರುತ್ತಿತ್ತು, ಅಂದರೆ ಕತ್ತಿಗೆ ನೂರು ರೂಪಾಯಿ. ಈಗ ಅರವತ್ತೈದರ ಆಸುಪಾಸು. ಬೆಲ್ಟಿನ ಉಳಿತಾಯವೊಂದರಿಂದಲೇ ಮೋಟಾರಿನ ದುಡ್ಡು ಹುಟ್ಟಲು ಇನ್ನೂರು ಕತ್ತಿ ಬೇಕು. ಆದರೆ ಉಳಿದ ಹೊತ್ತಿನಿಂದ ಅದು ಒಂದೇ ಅಡಿಕೆ ಸುಗ್ಗಿಯಲ್ಲಿ ಬಂತು. ಆ ವರ್ಷ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಒಂದು ಆರ್ಡರನ್ನೂ ನಾನು ವಾಪಸು ಕಳಿಸಲಿಲ್ಲ. ನಮ್ಮ ಸುತ್ತಿನಲ್ಲಿ ಬೇರೆ ಯಾರೂ ಈ ಮಾತು ಹೇಳಲಾರರು.

ಕಾಯಿಸಿ ಬಡಿದ ಕಬ್ಬಿಣದ ಮೈಗೆ ಕೂರುವ ಕರಿ ಹೊಪ್ಪಳೆಯ ಮೇಲೆ ಮಾತ್ರ ಹೊಸ ಬೆಲ್ಟ್ ಇಡಬೇಡಿ. ಅದು ಬೆಲ್ಟನ್ನು ತಿಂದುಬಿಡುತ್ತದೆ. ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿದರೆ ಬೆಳಿಗ್ಗೆ ಉಜ್ಜಿದಾಗ ಬಿಟ್ಟುಕೊಳ್ಳುತ್ತದೆ. ಹುಣಸೆ ನೀರಿಗೆ ಉಪ್ಪು ಹಾಕಿಯೂ ನೋಡಿದೆ, ಎರಡು ರಾತ್ರಿ ಬೇಕಾಯಿತು. ವಾಟೆಹುಳಿ ಕುದಿಸಿದ ನೀರು ಅದಕ್ಕಿಂತ ಚುರುಕು ಎನಿಸಿತು, ಆದರೆ ಅಷ್ಟು ಹುಳಿಯನ್ನು ಮನೆಯಲ್ಲಿ ಕೊಡುವುದಿಲ್ಲ.

ಹದ ಹಾಕಿದ ಮೇಲೆ, ಅಂದರೆ ಕೆಂಪಗೆ ಕಾಯಿಸಿ ಅದ್ದಿ ಗಡುಸು ಮಾಡಿದ ಮೇಲೆ, ಲೆಕ್ಕವೇ ಬೇರೆ. ಮತ್ತೆ ಇನ್ನೂರು ಡಿಗ್ರಿಗೆ ಕಾಯಿಸಿ ಹದ ಇಳಿಸಿದ ಅಂಚು ಉಜ್ಜುವಾಗ ಬಿಸಿಯೇರಿ ಮುನ್ನೂರರ ಹತ್ತಿರ ನೀಲಿಗೆ ತಿರುಗಿತೆಂದರೆ ಗಡುಸು ಹೋಯಿತು. ಇನ್ನೊಂದು ಕತ್ತಿ ಬಂದೀತೆಂದು ಸವೆದ 120 ಗ್ರಿಟ್ ಬೆಲ್ಟಿನಲ್ಲಿ ಎಳೆದು ಐದು ಅಡುಗೆಮನೆ ಚಾಕುಗಳನ್ನು ಕಳೆದುಕೊಂಡೆ. ಉಳಿಸಿದ್ದು ಒಂದು ಬೆಲ್ಟ್, ಕಳೆದದ್ದು ನಾಲ್ಕು ಸಾವಿರ. ಈಗ ಹದದ ನಂತರ ಹೊಸ 120 ಮಾತ್ರ, ಬಿಸಿ ಕೈಗೆ ತಿಳಿಯಲೆಂದು ಕೈಗವಸಿಲ್ಲದೆ, ಪ್ರತಿ ಎಳೆತಕ್ಕೂ ನೀರಿಗೆ ಅದ್ದಿ. 220, 400ಕ್ಕೆ ತೆಳು ಬಟ್ಟೆಯ ಅಗ್ಗದ ಬೆಲ್ಟೇ ಸಾಕು; ಅಲ್ಲಿ ಸಿರಾಮಿಕ್ ಕೊಳ್ಳುವುದು ದುಡ್ಡು ಸುಡುವ ಕೆಲಸ. 400ರ ಬೆಲ್ಟಿಗೆ ನಾನು ಒಂದು ವಸ್ತು ಸವರುತ್ತೇನೆ. ಅದೇನೆಂದು ಬರೆಯುವುದಿಲ್ಲ, ಗಿರಾಕಿಗಳು ಕೇಳಿ ಬರುವುದು ಆ ಹೊಳಪಿಗೆ.

ಮಳೆಗಾಲದಲ್ಲಿ ಬೆಲ್ಟುಗಳು ಮುದುಡಿ, ಅಂಟಿನ ಜೋಡಣೆ ಸಡಿಲವಾಗುತ್ತದೆ. ಒಂದು ಜುಲೈನಲ್ಲಿ ಬಿಚ್ಚಿಕೊಂಡ ಬೆಲ್ಟ್ ಮುಂಗೈಗೆ ಬಾರಿಸಿದ ಗೆರೆ ಇನ್ನೂ ಇದೆ. ಮೊಳೆಗೆ ನೇತುಹಾಕುವುದನ್ನು ಅಂದೇ ಬಿಟ್ಟೆ. ಅಗಲವಾದ ಪೈಪಿನ ತುಂಡಿಗೆ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ.

ಈಗ 60 ಗ್ರಿಟ್‌ನ ಸಿರಾಮಿಕ್ ಹಿಡಿದಿದ್ದೇನೆ, 36ನ್ನೇ ಬಿಟ್ಟು ಅದರಿಂದಲೇ ಶುರುಮಾಡಲು ಆದೀತೇ ಎಂದು. ಏಳನೆಯ ಕತ್ತಿ ನಡೆಯುತ್ತಿದೆ. ಕಿಡಿ ಇನ್ನೂ ಉದ್ದಕ್ಕೇ ಹಾರುತ್ತಿದೆ.